ಅಧ್ಯಕ್ಷರ ಲಾನಿನಲ್ಲಿ ತಜಂಕ್

ಲೋಕನಾಥ ಶೆಟ್ಟರ ಮನೆತನಕ್ಕೆ ವಾಮದಪದವಿನ ಸುತ್ತಮುತ್ತ ದೊಡ್ಡ ಹೆಸರಿತ್ತು. ಎಷ್ಟು ದೊಡ್ಡದೆಂದರೆ, ಭೂಮಸೂದೆ ಬಂದು ಗದ್ದೆಗಳೆಲ್ಲ ಒಕ್ಕಲುಗಳ ಪಾಲಾದ ಮೇಲೂ ಮನೆಯವರು ಕೆಲವು ವರ್ಷ ಆ ಹೆಸರನ್ನೇ ಉಂಡುಕೊಂಡು ಬದುಕಿದರು. ಹೆಸರಿನ ಜೊತೆ ನಂಜಿಕೊಳ್ಳಲು ಮಾತ್ರ ಮಳೆಗಾಲದಲ್ಲಿ ತಜಂಕ್ ಬೇಕಾಗುತ್ತಿತ್ತು.

ತಜಂಕ್ ಎಂದರೆ ಚಗಟೆ ಸೊಪ್ಪು. ಯಾರೂ ಬಿತ್ತುವುದಿಲ್ಲ, ಯಾರೂ ನೀರು ಹಾಕುವುದಿಲ್ಲ. ನಾಲ್ಕು ಮಳೆ ಬಿದ್ದರೆ ಸಾಕು, ರಸ್ತೆಯ ಬದಿ, ಹಟ್ಟಿಯ ಹಿಂದೆ, ಬೀಳು ಬಿದ್ದ ಗದ್ದೆ ಎಂದು ನೋಡದೆ ಎದ್ದು ನಿಲ್ಲುತ್ತದೆ. ತುಳುವರ ಆಟಿ ತಿಂಗಳಲ್ಲಿ, ಮಳೆ ಹಿಡಿದು ಹೊರಗೆ ಕಾಲಿಡಲಾಗದೆ, ಅಕ್ಕಿಯ ಮುಡಿ ಖಾಲಿಯಾಗುವ ಹೊತ್ತಿಗೆ, ಕೈ ಬರಿದಾದವರ ಒಲೆಯ ಮೇಲೆ ಅದೇ ಪಲ್ಯ. ಲೋಕನಾಥನ ತಾಯಿ ಅದಕ್ಕೆ ಹಲಸಿನ ಬೀಜ ಜಜ್ಜಿ ಹಾಕಿ, ಮೇಲೆ ಒಂದು ಹಿಡಿ ತೆಂಗಿನತುರಿ ಉದುರಿಸಿ, ಬಡತನ ಗೊತ್ತಾಗದ ಹಾಗೆ ಮಾಡುತ್ತಿದ್ದರು. ಆದರೆ ವಾಸನೆಯನ್ನು ಏನು ಮಾಡಲಿಕ್ಕಾಗುತ್ತದೆ? ಶಾಲೆಯಲ್ಲಿ ಮಧ್ಯಾಹ್ನ ಬುತ್ತಿಯ ಮುಚ್ಚಳ ತೆಗೆದರೆ ಇಡೀ ಜಗಲಿಗೆ ಸುದ್ದಿ ಹೋಗುತ್ತಿತ್ತು. ಗೇಣಿ ಕೊಡುತ್ತಿದ್ದವರ ಮಕ್ಕಳ ಬುತ್ತಿಯಲ್ಲಿ ಒಣಮೀನಿನ ಚಟ್ನಿ, ಗೇಣಿ ವಸೂಲು ಮಾಡುತ್ತಿದ್ದವರ ಮಗನ ಬುತ್ತಿಯಲ್ಲಿ ಕಾಡುಸೊಪ್ಪು! ಪಕ್ಕದಲ್ಲಿ ಕೂರುತ್ತಿದ್ದ ಹಾಜಬ್ಬ ಒಂದು ದಿನ ಮೂಗು ಅರಳಿಸಿ, "ಓಯ್, ತಜಂಕ್ ಲೋಕು ಬಂದ" ಎಂದ. ಹಾಜಬ್ಬನಿಗೆ ಅದು ಆ ಹೊತ್ತಿನ ತಮಾಷೆ. ಲೋಕನಾಥನಿಗೆ ಅದು ಶಾಲೆ ಬಿಡುವವರೆಗಿನ ಹೆಸರು. ಮೇಷ್ಟ್ರು ಕೂಡ ಒಮ್ಮೆ ಹಾಜರಿ ಕರೆಯುವಾಗ ಬಾಯ್ತಪ್ಪಿ ಹಾಗೆಯೇ ಕರೆದರು.

ಶಾಲೆ ಮುಗಿದದ್ದೇ ಲೋಕನಾಥ ಮುಂಬಯಿಯ ಬಸ್ಸು ಹತ್ತಿದ. ಸಂಬಂಧಿಕರ ಹೊಟೇಲಿನಲ್ಲಿ ಮೇಜು ಒರೆಸಿದ, ಗಲ್ಲಾದಲ್ಲಿ ಕುಳಿತ, ಅಲ್ಲಿಂದ ಮಸ್ಕತ್ತಿಗೆ ಹಾರಿ ಸ್ವಂತದ್ದೊಂದು ಕೆಫೆಟೇರಿಯಾ ಇಟ್ಟು ಲೋಕನಾಥ ಶೆಟ್ಟರಾದ. ಅವರ ಕೆಫೆಟೇರಿಯಾದಲ್ಲಿ ಕೋಳಿ, ಕುರಿ, ಮೀನು, ಮೊಟ್ಟೆ ಎಲ್ಲ ಸಿಗುತ್ತಿತ್ತು. ಹಸಿರಾದದ್ದೆಂದರೆ ಕೊತ್ತಂಬರಿ ಸೊಪ್ಪು ಒಂದೇ. ಮದುವೆಯಾದ ಹೊಸತರಲ್ಲಿ ಹೆಂಡತಿ ಕಾಂತಿಗೂ ಒಂದು ಮಾತು ಹೇಳಿದ್ದರು.

"ನೋಡು, ನಮ್ಮ ಮನೆಯಲ್ಲಿ ಆ ಕಾಡುಸೊಪ್ಪಿನ ಕೆಲಸ ಬೇಡ."

ಕಾಂತಿಯದು ಕಕ್ಕಿಂಜೆಯಿಂದಲೂ ಮೇಲೆ, ಘಾಟಿಯ ಬುಡದ ಊರು. ಅಲ್ಲಿ ಮಳೆಗಾಲ ಎಂದರೆ ಒಂದು ದಿನ ಕೆಸುವಿನ ಪತ್ರೊಡೆ, ಒಂದು ದಿನ ಎಳೆಬಿದಿರಿನ ಕಣಿಲೆ, ಒಂದು ದಿನ ತಿಮರೆ ಚಟ್ನಿ. ತಿಮರೆ ಎಂದರೆ ಒಂದೆಲಗ. ಅದನ್ನು ಅಂಗಳದಿಂದಲೇ ಕಿತ್ತು ತರುವುದು. ಅವಳು ಗಂಡನ ಮುಖ ನೋಡಿ "ಆಯ್ತು" ಎಂದಳು. ಕಾಂತಿಯ "ಆಯ್ತು" ಎಂಬ ಮಾತಿಗೆ ಎಷ್ಟು ಅರ್ಥಗಳಿವೆ ಎಂದು ಶೆಟ್ಟರು ಮಸ್ಕತ್ತಿನಲ್ಲಿದ್ದಷ್ಟು ಕಾಲವೂ ಯೋಚಿಸಲಿಲ್ಲ.

ಮಗಳು ಪ್ರಾಪ್ತಿಯ ಮದುವೆಯಾಗಿ, ಸಕ್ಕರೆ ಕಾಯಿಲೆ ಬಂದು, ಕೆಫೆಟೇರಿಯಾ ಕೈಬದಲಾದ ಮೇಲೆ ಗಂಡಹೆಂಡತಿ ಊರಿಗೆ ಮರಳಿದರು. ವಾಮದಪದವಿಗಲ್ಲ. ಅಲ್ಲಿ ಅವರನ್ನು ಹಳೆಯ ಹೆಸರಿನಿಂದ ಕರೆಯುವವರು ಇನ್ನೂ ಬದುಕಿದ್ದರು. ಮೂಡುಬಿದಿರೆಯಲ್ಲಿ ಕೆರೆಯ ಪಕ್ಕ ಒಂದು ಫ್ಲಾಟು ಹಿಡಿದರು. ಬಾಲ್ಕನಿಯಿಂದ ನೋಡಿದರೆ ಕೆರೆ, ಕೆರೆಯ ದಂಡೆಗೆ ಒಂದು ಪಾರ್ಕು. ಪಾರ್ಕನ್ನು ನೋಡಿಕೊಳ್ಳುವ ಕೆಲಸ ಬೆಳಿಗ್ಗೆ ವಾಕಿಂಗ್ ಮಾಡುವವರ ಬಳಗದ ಕೈಯಲ್ಲಿತ್ತು. ಬಳಗದಲ್ಲಿ ಎಲ್ಲರಿಗೂ ಸಲಹೆ ಕೊಡಲು ಪುರುಸೊತ್ತಿತ್ತು. ಕೆಲಸ ಮಾಡಿಸಲು ಗಂಟಲಿದ್ದವರು ಯಾರೂ ಇರಲಿಲ್ಲ. ಶೆಟ್ಟರು ಸೇರಿದ ವರ್ಷವೇ ಅಧ್ಯಕ್ಷರಾದರು.

ಅಧ್ಯಕ್ಷರಾದವರು ಮಾಡಿದ ಮೊದಲ ಕೆಲಸ ಲಾನು. ಮಸ್ಕತ್ತಿನ ದೊಡ್ಡ ಹೊಟೇಲುಗಳ ಎದುರು ಅಂಥ ಲಾನುಗಳಿದ್ದವು. ಶೆಟ್ಟರು ಅಲ್ಲಿಗೆ ಬಿರಿಯಾನಿ ಪಾರ್ಸೆಲ್ ಕೊಂಡುಹೋಗುತ್ತಿದ್ದಾಗ ಹಿಂದಿನ ಬಾಗಿಲಿನಿಂದ ಹೋಗಬೇಕಾಗಿತ್ತು. ಲಾನನ್ನು ಬೇಲಿಯ ಈಚೆಯಿಂದ ನೋಡಿದ್ದಷ್ಟೇ. ಈಗ ತಮ್ಮದೇ ಲಾನು. ಗುಂಡಿಬಿದ್ದ ನೆಲ ತುಂಬಿಸಲು ಟಿಪ್ಪರುಗಟ್ಟಲೆ ಕೆಂಪುಮಣ್ಣು ಬೇಕಾಯಿತು. ಬೇರೆಯವರನ್ನು ನಂಬುವುದು ಬೇಡವೆಂದು ಶೆಟ್ಟರು ವಾಮದಪದವಿನ ಪರಿಚಯದವರಿಂದಲೇ ಮಣ್ಣು ತರಿಸಿದರು. ಮೇಲೆ ಹುಲ್ಲಿನ ಹಾಸು ಹೊದೆಸಿ, ಒಂದು ಬೋರ್ಡು ನೆಡಿಸಿದರು: "ಇಲ್ಲಿ ನಡೆಯಬಾರದು. ಗಿಡಗಳನ್ನು ಮುಟ್ಟಬಾರದು." ನಡಿಗೆಯ ಬಳಗದವರೇ ನಡೆಯಬಾರದೆಂದು ಬೋರ್ಡು ಹಾಕಿಸಿದ್ದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಜೂನಿನ ಮಳೆಗೆ ಲಾನು ಹಸಿರಾಯಿತು. ಜುಲೈಯಲ್ಲಿ ಆ ಹಸಿರಿನ ನಡುವೆ ಇನ್ನೊಂದು ಹಸಿರು ಕಾಣಿಸಿಕೊಂಡಿತು. ಊರಿನ ಮಣ್ಣಿನ ಜೊತೆ ಊರಿನ ಬೀಜವೂ ಬಂದಿತ್ತು. ಎರಡೆಲೆ ಬಿಟ್ಟಾಗಲೇ ಶೆಟ್ಟರಿಗೆ ಗುರುತು ಸಿಕ್ಕಿತು. ಬೇಡದ ನೆಂಟನನ್ನು ಮದುವೆಮನೆಯಲ್ಲಿ ಕಂಡವರಂತೆ ಮೊದಲು ಮುಖ ತಿರುಗಿಸಿದರು. ಆಮೇಲೆ ತೋಟದ ಕೆಲಸದ ಹಸೈನಾರನನ್ನು ಕರೆದರು.

"ಇದೆಂತ ಗಿಡ ಹಸೈನಾರ್?"

"ತಜಂಕ್ ಅಲ್ವಾ ಶೆಟ್ರೇ? ನಿಮಗೆ ಗೊತ್ತಿಲ್ವಾ?"

"ನನಗೆ ಹೇಗೆ ಗೊತ್ತಿರ್ತದೆ ಮಾರಾಯ? ಜೀವಮಾನ ಎಲ್ಲ ಗಲ್ಫಿನಲ್ಲಿ ಇದ್ದವ. ಕಿತ್ತು ಬಿಸಾಡು."

ಹಸೈನಾರ್ ಕಿತ್ತ. ವಾರ ಕಳೆಯುವುದರೊಳಗೆ ಕಿತ್ತದ್ದಕ್ಕಿಂತ ಹೆಚ್ಚು ಎದ್ದಿತು. ಮತ್ತೆ ಕಿತ್ತ. ಮತ್ತೆ ಎದ್ದಿತು. ಇದರ ನಡುವೆ ಶೆಟ್ಟರು ಇನ್ನೊಂದು ಸಂಗತಿ ಕಂಡುಹಿಡಿದರು. ಬೇಲಿಯ ಪಕ್ಕದ ಗಿಡಗಳ ಕುಡಿಗಳನ್ನು ಯಾರೋ ಚಿವುಟಿಕೊಂಡು ಹೋಗುತ್ತಿದ್ದರು. ಬುಡ ಹಾಗೆಯೇ ಇದೆ, ತುದಿ ಮಾತ್ರ ಇಲ್ಲ. ಕೆರೆಯ ದಂಡೆಯಲ್ಲಿ ಕೆಸುವಿನ ಎಳೆ ಎಲೆಗಳೂ ಮಾಯ. ಲಾನಿನ ಅಂಚಿನಲ್ಲಿ ಹರಡಿದ್ದ ತಿಮರೆಯನ್ನೂ ಯಾರೋ ಬೇರು ಬಿಟ್ಟು ನಾಜೂಕಾಗಿ ಕಿತ್ತಿದ್ದಾರೆ.

ಶೆಟ್ಟರಿಗೆ ರಕ್ತ ತಲೆಗೇರಿತು. ತಾವು ಕೀಳಿಸಿ ಬಿಸಾಡಬೇಕೆಂದಿದ್ದನ್ನು ಇನ್ನೊಬ್ಬರು ಕೇಳದೆ ಕೀಳುವುದೆಂದರೇನು?

ಬಳಗದ ಸಭೆ ಕರೆದರು. ಪಾರ್ಕಿನ ಚಪ್ಪರದಡಿ, ಮಳೆಯ ಸದ್ದಿನಲ್ಲಿ, ಸದಸ್ಯರು ಕೊಡೆ ಮಡಚಿ ಕುಳಿತರು. ಒಬ್ಬ ನಿವೃತ್ತ ಬ್ಯಾಂಕಿನವರು, "ಶೆಟ್ರೇ, ಕಳೆ ಕದಿಯುವವ ನಮಗೆ ಉಪಕಾರ ಮಾಡಿದ ಹಾಗಲ್ವಾ?" ಎಂದರು.

"ಇವತ್ತು ಕಳೆ, ನಾಳೆ ಹೂವು, ನಾಡಿದ್ದು ಲಾನನ್ನೇ ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು ಹೋಗ್ತಾರೆ. ಆಗ ನೀವು ಉಪಕಾರ ಅಂತ ಹೇಳಿ" ಎಂದು ಶೆಟ್ಟರು ಗುಡುಗಿದರು.

ಹುಲ್ಲು ಸಾಯಿಸುವ ಮದ್ದು ಬಿಡುವುದೆಂದು ತೀರ್ಮಾನವಾಯಿತು. ಲಾನಿಗೆ ತಾಗದ ಹಾಗೆ, ತಜಂಕಿನ ಮೇಲೆ ಮಾತ್ರ. ನಂತರ ಕಾರ್ಯದರ್ಶಿ ಮೋಕ್ಷಿತಾ ಎದ್ದು ನಿಂತಳು. ಉಜಿರೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುವ ಹುಡುಗಿ, ಶೆಟ್ಟರ ಕಟ್ಟಡದಲ್ಲೇ ಕೆಳಗಿನ ಫ್ಲಾಟಿನವಳು. ಯಾವುದನ್ನೂ ಕಾರ್ಯಕ್ರಮವಾಗಿ ಮಾಡಬಲ್ಲವಳು.

"ಆಟಿಯ ಕಾರ್ಯಕ್ರಮದ್ದು ಒಂದು ವಿಷಯ ಉಂಟು. ಹಿಂದಿನ ಕಾಲದ ತಿಂಡಿ ಎಲ್ಲ ಬೇಕು ಅಂತ ಸದಸ್ಯರ ಒತ್ತಾಯ. ಮಂಗಳೂರಿನ ಕೇಟರಿಂಗ್‌ನವರು ಎಲ್ಲ ಮಾಡ್ತಾರಂತೆ, ತಜಂಕ್ ಮಾತ್ರ ಈ ಸಲ ಸಿಗುವುದು ಕಷ್ಟ ಅಂತೆ. ದೂರದಿಂದ ತರಿಸಬೇಕು."

"ಎಷ್ಟಾದರೂ ಆಗಲಿ, ತರಿಸಿ. ಆಟಿ ಅಂದ ಮೇಲೆ ತಜಂಕ್ ಇಲ್ಲದಿದ್ದರೆ ಹೇಗೆ?" ಎಂದರು ಬ್ಯಾಂಕಿನವರು.

ತಜಂಕನ್ನು ಕೊಲ್ಲುವ ನಿರ್ಣಯವೂ ತಜಂಕನ್ನು ಕೊಳ್ಳುವ ನಿರ್ಣಯವೂ ಒಂದೇ ಸಭೆಯಲ್ಲಿ ಸರ್ವಾನುಮತದಿಂದ ಪಾಸಾದವು.

ಸೋಮವಾರ ಸಂಜೆ ಶೆಟ್ಟರು ಮದ್ದಿನ ಕ್ಯಾನನ್ನು ಹಸೈನಾರನ ಕೈಗೆ ಕೊಟ್ಟು, "ನಾಳೆ ಬೆಳಿಗ್ಗೆ ಎದ್ದ ಕೂಡಲೇ ಇದೇ ಕೆಲಸ. ಮತ್ತೆ ಸಬೂಬು ಬೇಡ" ಎಂದರು. ಮರುದಿನ ಅವರಿಗೆ ಬಿ.ಸಿ.ರೋಡಿನಲ್ಲಿ ನೆಂಟರ ಮನೆಯ ಊಟವಿತ್ತು. ವಾಕಿಂಗ್ ತಪ್ಪಿಸಿ ಬೆಳಿಗ್ಗೆಯೇ ಹೊರಟುಹೋದರು.

ಈಗ ಮನೆಯೊಳಗಿನ ಸಂಗತಿ ಸ್ವಲ್ಪ ಹೇಳಬೇಕು. ಆ ಮಳೆಗಾಲ ಕಾಂತಿಯ ಅಡಿಗೆಯ ರುಚಿ ಬದಲಾಗಿತ್ತು. ಚಟ್ನಿ ಹಸಿರಾಗಿ, ಸ್ವಲ್ಪ ಒಗರಾಗಿ, ಗಂಜಿಗೆ ಹೇಳಿ ಮಾಡಿಸಿದ ಹಾಗೆ ಇರುತ್ತಿತ್ತು. "ಎಂತದ್ದು ಚಟ್ನಿ?" ಎಂದು ಕೇಳಿದರೆ "ಕೊತ್ತಂಬರಿ" ಎನ್ನುತ್ತಿದ್ದಳು. ಕೊತ್ತಂಬರಿಯೊಡನೆ ಇಷ್ಟು ವರ್ಷ ವ್ಯಾಪಾರ ಮಾಡಿದ ಶೆಟ್ಟರಿಗೆ ಅದು ಕೊತ್ತಂಬರಿಯಲ್ಲವೆಂದು ಗೊತ್ತಾಗದೆ ಇರಲಿಲ್ಲ. ಆದರೆ ಎರಡನೆಯ ಸಲ ಕೇಳಲಿಲ್ಲ. ಕೇಳಿದರೆ ನಿಜವಾದ ಉತ್ತರ ಸಿಕ್ಕೀತೆಂಬ ಹೆದರಿಕೆ. ಸಿಕ್ಕಿದರೆ ಮರುದಿನದಿಂದ ಚಟ್ನಿ ನಿಂತುಹೋಗುತ್ತದೆ. ಬಡಿಸುವವಳು ಸುಳ್ಳು ಹೇಳುತ್ತಾಳೆ, ಉಣ್ಣುವವರು ನಂಬಿದಂತೆ ಮಾಡುತ್ತಾರೆ. ಸಂಸಾರ ಸುಖವಾಗಿ ಸಾಗಿತ್ತು.

ಮಂಗಳವಾರ ಸಂಜೆ ಬಿ.ಸಿ.ರೋಡಿನಿಂದ ಬಂದವರಿಗೆ ಕಾಂತಿ ಚಹದ ಜೊತೆ ಬಿಸಿಬಿಸಿ ಅಂಬಡೆ ತಂದಿಟ್ಟಳು. ಕಡ್ಲೆಬೇಳೆ, ಸೊಪ್ಪು, ಹಸಿಮೆಣಸು. ಹೊರಗೆ ಮಳೆ ಜಡಿಯುತ್ತಿತ್ತು. ಒಂದು ತಿಂದರು. ಇನ್ನೊಂದು ತಿಂದರು. ಬಾಯಿಗೆ ಬಂದ ರುಚಿ ಎಲ್ಲಿಯೋ ಕೇಳಿದ ದನಿಯ ಹಾಗೆ ಇತ್ತು. ತಟ್ಟೆಯ ತಳ ಕಂಡಾಗ, ಯಾವ ಗಳಿಗೆಯಲ್ಲಿಯೋ ಏನೋ, ಬಾಯಿ ಜಾರಿತು.

"ಸೊಪ್ಪು ಎಲ್ಲಿಂದ ತಂದದ್ದು?"

ಕಾಂತಿ ಅಂದು ಸುಳ್ಳು ಹುಡುಕುವಷ್ಟು ಪುರುಸೊತ್ತಿನಲ್ಲಿರಲಿಲ್ಲ. ಬಾಣಲೆಯಲ್ಲಿ ಇನ್ನೊಂದು ಸುತ್ತಿನದು ಸೀಯುತ್ತಿತ್ತು. "ಪಾರ್ಕಿನಿಂದ" ಎಂದಳು, ಅಡಿಗೆಮನೆಯಿಂದಲೇ.

"ಯಾವಾಗ?"

"ಇವತ್ತು ಬೆಳಿಗ್ಗೆ. ನೀವು ಹೋದ ಮೇಲೆ."

ಶೆಟ್ಟರು ಚಹದ ಲೋಟ ಕೆಳಗಿಟ್ಟು ಎದ್ದುನಿಂತರು. ತಿಂಗಳಿನಿಂದ ಹುಡುಕುತ್ತಿದ್ದ ಕಳ್ಳನ ಗುರುತು ಸಿಕ್ಕಿತ್ತು, ಆದರೆ ಸಿಟ್ಟು ಮಾಡಲು ಅವರಿಗೆ ಆಗ ಸಮಯವೇ ಇರಲಿಲ್ಲ.

"ನೀನೂ ತಿಂದಿದ್ದೀಯಾ?"

"ಹಿಟ್ಟಿನ ಉಪ್ಪು ನೋಡ್ಲಿಕ್ಕೆ ಎರಡು ತಿಂದೆ. ಯಾಕೆ, ಉಪ್ಪು ಹೆಚ್ಚಾಯ್ತಾ?"

"ಕಾಂತಿ... ಪಾರ್ಕಿಗೆ ಇವತ್ತು ಬೆಳಿಗ್ಗೆ ವಿಷ ಬಿಟ್ಟಿದ್ದಾರೆ."

ಕಾಂತಿ ಸಟ್ಟುಗ ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಯಾರು?"

ಶೆಟ್ಟರು ಮೊಬೈಲು ಕೈಗೆತ್ತಿಕೊಂಡರು. ಹಸೈನಾರನಿಗೆ ಫೋನು ಮಾಡಿದರು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದರು, ಮತ್ತೆ ಅದೇ. ಅಷ್ಟರಲ್ಲಿ ಅವರಿಗೆ ಹೊಟ್ಟೆಯಲ್ಲಿ ಏನೋ ತಿರುಚಿದ ಹಾಗೆ, ನಾಲಗೆ ದಪ್ಪವಾದ ಹಾಗೆ, ಬೆರಳ ತುದಿ ಜುಮ್ಮೆಂದ ಹಾಗೆ ಆಗತೊಡಗಿತು. ಕಾಂತಿ ಗ್ಯಾಸ್ ಆರಿಸಿ, ಸೀರೆಯ ಸೆರಗಿನಲ್ಲಿ ಕೈ ಒರೆಸಿ, ಕೆಳಗಿನ ಫ್ಲಾಟಿಗೆ ಇಳಿದು ಮೋಕ್ಷಿತಾಳನ್ನು ಕರೆದಳು. ಮೋಕ್ಷಿತಾ ಕಾರು ತೆಗೆದಳು.

ಕಾರಿನಲ್ಲಿ ಶೆಟ್ಟರು ಹೆಂಡತಿಯ ಕೈ ಹಿಡಿದುಕೊಂಡರು. ಹಾಗೆ ಹಿಡಿದು ಎಷ್ಟೋ ಕಾಲವಾಗಿತ್ತು. "ಪ್ರಾಪ್ತಿಗೆ ಹೇಳುವುದು ಬೇಡ, ಹೆದರ್ತಾಳೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನಿನಗೆ ಏನಾದರೂ ಆಗ್ತಾ ಉಂಟಾ?" ಎಂದು ಕೇಳಿದರು.

"ನನಗೆ ಏನೂ ಆಗ್ತಾ ಇಲ್ಲ."

ಅದನ್ನು ಕೇಳಿ ಶೆಟ್ಟರಿಗೆ ಸಮಾಧಾನವೂ ಆಯಿತು, ಒಳಗೊಳಗೇ ಸ್ವಲ್ಪ ಬೇಸರವೂ ಆಯಿತು.

ನರ್ಸಿಂಗ್ ಹೋಮಿನಲ್ಲಿ ಡ್ಯೂಟಿಯಲ್ಲಿದ್ದವಳು ಜ್ಯೋತ್ಸ್ನಾ ಎಂಬ ಎಳೆಯ ಡಾಕ್ಟರು, ಬೆಳ್ತಂಗಡಿ ಕಡೆಯವಳು. ಶೆಟ್ಟರನ್ನು ಮಂಚದ ಮೇಲೆ ಮಲಗಿಸಿ, ನಾಡಿ ಹಿಡಿದು ಕೇಳಿದಳು.

"ಎಂತ ತಿಂದದ್ದು ಅಂಕಲ್?"

"ಅಂಬಡೆ."

"ಎಂತದ್ದು ಅಂಬಡೆ?"

"ಸೊಪ್ಪಿನದ್ದು."

"ಯಾವ ಸೊಪ್ಪು?"

ಶೆಟ್ಟರು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದರು. "ಪಾರ್ಕಿನದ್ದು" ಎಂದರು.

"ಅದಕ್ಕೆ ಹೆಸರು ಇರಬೇಕಲ್ಲ? ಗೊತ್ತಿಲ್ಲದಿದ್ದರೆ ನಾನು ಎಂತ ಮದ್ದು ಕೊಡಲಿ?"

ಕಾಂತಿ ಪಕ್ಕದಲ್ಲೇ ಇದ್ದಳು, ಕೈ ಇನ್ನೂ ಗಂಡನ ಕೈಯಲ್ಲೇ ಇತ್ತು. ಅವಳು ಹೇಳಬಹುದಿತ್ತು. ಹೇಳಲಿಲ್ಲ. ಗಂಡನ ಮುಖವನ್ನೇ ನೋಡುತ್ತ ನಿಂತಳು. ಮೋಕ್ಷಿತಾ ಬಾಗಿಲಲ್ಲಿ, ನರ್ಸು ಸೂಜಿ ಹಿಡಿದುಕೊಂಡು ಕಾಲಬುಡದಲ್ಲಿ, ಎಲ್ಲರೂ ಕಾದರು. ಊರು ಬಿಟ್ಟ ಮೇಲೆ ಒಮ್ಮೆಯೂ ಬಾಯಿಯಿಂದ ಹೊರಡದಿದ್ದ ಶಬ್ದ ಕಡೆಗೂ ಹೊರಟಿತು.

"ತಜಂಕ್."

"ಅಯ್ಯೋ, ಅಷ್ಟೆಯಾ? ನಮ್ಮಮ್ಮ ವಾರಕ್ಕೊಮ್ಮೆ ಮಾಡ್ತಾರೆ. ಅದರಿಂದ ಎಂತ ಆಗ್ತದೆ?" ಡಾಕ್ಟರು ನಕ್ಕಳು.

"ಅದಕ್ಕೆ ಮದ್ದು ಬಿಟ್ಟಿದ್ದಾರೆ ಡಾಕ್ಟ್ರೇ. ಹುಲ್ಲು ಸಾಯುವ ಮದ್ದು."

ನಗು ನಿಂತಿತು. "ಯಾರು ಬಿಟ್ಟದ್ದು?"

"ನಾನು" ಎಂದರು ಶೆಟ್ಟರು. "ಬಿಡ್ಲಿಕ್ಕೆ ಹೇಳಿದ್ದು ನಾನು."

ಕಾಂತಿಯ ಕೈ ಅವರ ಕೈಯಿಂದ ಮೆಲ್ಲಗೆ ಹೊರಗೆ ಬಂತು.

"ಎಷ್ಟು ತಿಂದಿರಿ?"

"ಎರಡೋ ಮೂರೋ."

"ತಟ್ಟೆ ಪೂರ್ತಿ" ಎಂದಳು ಕಾಂತಿ. ನರ್ಸಿಂಗ್ ಹೋಮಿಗೆ ಬಂದ ಮೇಲೆ ಅವಳಾಡಿದ ಮೊದಲ ಮಾತು ಅದು. "ಸಕ್ಕರೆ ಕಾಯಿಲೆ ಬೇರೆ ಉಂಟು. ಮಧ್ಯಾಹ್ನ ನೆಂಟರ ಊಟದಲ್ಲಿ ಹೋಳಿಗೆಯೂ ತಿಂದಿರ್ತಾರೆ, ಕೇಳಿ."

ಗಂಡಹೆಂಡತಿ ಇಬ್ಬರಿಗೂ ರಕ್ತ ತೆಗೆದರು, ಇಬ್ಬರ ಕೈಗೂ ಡ್ರಿಪ್ ಹಾಕಿದರು. ಒಂದು ಪರದೆಯ ಆಚೆ ಈಚೆ ಇಬ್ಬರೂ ಮಲಗಿದರು. ಮೋಕ್ಷಿತಾ ಹೊರಗೆ ನಿಂತು ಹಸೈನಾರನಿಗೆ ಫೋನು ಮಾಡುತ್ತಲೇ ಇದ್ದಳು. ಪರದೆಯ ಆಚೆಯಿಂದ ಕಾಂತಿಯ ದನಿ ಬಂತು.

"ಮದ್ದು ಬಿಡುವ ಮೊದಲು ಮನೆಯಲ್ಲಿ ಒಂದು ಮಾತು ಹೇಳಬಾರದಿತ್ತಾ?"

"ನೀನು ಸೊಪ್ಪು ತರುವ ಮೊದಲು ಒಂದು ಮಾತು ಹೇಳಬಾರದಿತ್ತಾ?"

ಪರದೆಯ ಎರಡೂ ಕಡೆ ಬಾಟಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಕತ್ತಲಾಗುವ ಮೊದಲು ಹಸೈನಾರ್, ಶೆಟ್ಟರ ಕಟ್ಟಡದವರಲ್ಲಿ ವಿಚಾರಿಸಿಕೊಂಡು, ಸ್ವತಃ ಬಂದ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮದ್ದಿನ ಕ್ಯಾನು. ಅಧ್ಯಕ್ಷರು ಇಷ್ಟು ಸಲ ಫೋನು ಮಾಡಿದ್ದಾರೆಂದರೆ ಕ್ಯಾನು ವಾಪಸು ಕೇಳಲಿಕ್ಕೇ ಇರಬೇಕೆಂದು ಹೆದರಿ ಹೊತ್ತುಕೊಂಡೇ ಬಂದಿದ್ದ. ಡಾಕ್ಟರು ಕ್ಯಾನನ್ನು ತಿರುಗಿಸಿ ನೋಡಿದಳು. ಸೀಲು ಒಡೆದಿರಲಿಲ್ಲ.

"ಬಿಡಲಿಲ್ವಾ?" ಎಂದರು ಶೆಟ್ಟರು, ಎದ್ದು ಕೂತು.

"ಬಯ್ಯಬೇಡಿ ಶೆಟ್ರೇ. ಮಳೆ ಇತ್ತು ಅಂತ ಹೇಳುವ ಅಂದುಕೊಂಡಿದ್ದೆ. ನಿಜ ಹೇಳಬೇಕಾದರೆ ಮರೆತೇ ಹೋಯ್ತು. ತಂಗಿಯ ಮನೆಯಲ್ಲಿ ಮದುವೆ ಮಾತುಕತೆ ಇತ್ತು, ಬೆಳಿಗ್ಗೆ ಅಲ್ಲಿಗೆ ಹೋದೆ. ನಾಳೆ ಖಂಡಿತ ಬಿಡ್ತೇನೆ."

ಕೆಫೆಟೇರಿಯಾದಲ್ಲಿ ಮೇಜು ಒರೆಸಲು ಮರೆತವನನ್ನು ಅದೇ ದಿನ ಮನೆಗೆ ಕಳಿಸುತ್ತಿದ್ದ ಶೆಟ್ಟರು, ಕೆಲಸ ಮರೆತ ಹಸೈನಾರನ ಎರಡೂ ಕೈಗಳನ್ನು ಹಿಡಿದುಕೊಂಡು, "ಬೇಡ ಮಾರಾಯ, ಬಿಡಬೇಡ, ಯಾವತ್ತೂ ಬಿಡಬೇಡ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಹೊಟ್ಟೆಯ ತಿರುಚು, ನಾಲಗೆಯ ದಪ್ಪ, ಬೆರಳಿನ ಜುಮ್ಮು ಎಲ್ಲ ಆ ಕ್ಷಣದಲ್ಲೇ ವಾಸಿಯಾದವು. ರಕ್ತದ ವರದಿ ಬಂದಾಗ ಅದರಲ್ಲಿ ಸಕ್ಕರೆ ಬಿಟ್ಟು ಬೇರೇನೂ ಇರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಶೆಟ್ಟರು ನಾಚಿಕೆಯಿಂದ ಕೆಲವು ದಿನ ವಾಕಿಂಗ್ ಬಿಟ್ಟು ಸುಮ್ಮನಾಗುತ್ತಿದ್ದರೋ ಏನೋ. ಆದರೆ ಮೋಕ್ಷಿತಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳಲ್ಲ? ಮರುದಿನ ಬೆಳಿಗ್ಗೆ ಬಳಗದ ವಾಟ್ಸಾಪಿನಲ್ಲಿ ಅವಳ ಬರಹ ಕಾಣಿಸಿತು. ಅದರಲ್ಲಿದ್ದದ್ದು ಯಾವುದೂ ಸುಳ್ಳಾಗಿರಲಿಲ್ಲ, ಆದರೂ ನಡೆದದ್ದೇ ಬೇರೆ. "ನಮ್ಮ ಅಧ್ಯಕ್ಷರು ಪಾರ್ಕಿನ ತಜಂಕನ್ನು ಸ್ವತಃ ತಿಂದು, ವೈದ್ಯರಲ್ಲಿ ತಪಾಸಣೆ ಮಾಡಿಸಿ, ಯಾವ ದೋಷವೂ ಇಲ್ಲವೆಂದು ಖಚಿತವಾದ ಮೇಲೆ, ಇನ್ನು ಮುಂದೆ ಪಾರ್ಕಿಗೆ ಮದ್ದು ಬಿಡಕೂಡದೆಂದು ಆಜ್ಞೆ ಮಾಡಿದ್ದಾರೆ. ಆಟಿಯ ಕಾರ್ಯಕ್ರಮಕ್ಕೆ ನಮ್ಮದೇ ತಜಂಕ್!" ಕೆಳಗೆ ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ಶೆಟ್ಟರು ಅದನ್ನು ಮೂರು ನಾಲ್ಕು ಸಲ ಓದಿದರು. ಮೊದಲು ಗಾಬರಿಯಾಯಿತು. ಕೊನೆಯ ಸಲ ಓದುವಾಗ, ಹಾಗೆಯೇ ನಡೆದದ್ದೇನೋ ಎಂದು ತೋರಿತು.

ಆಟಿಯ ಕಾರ್ಯಕ್ರಮಕ್ಕೆ ಸಭಾಭವನ ತುಂಬಿತ್ತು. ಹೆಂಗಸರು ಹೊಸ ಕೈಮಗ್ಗದ ಸೀರೆ ಉಟ್ಟು ಬಡತನದ ತಿಂಡಿ ತಿನ್ನಲು ಬಂದಿದ್ದರು. ತಲೆಗೆ ಅಡಿಕೆಹಾಳೆಯ ಮುಟ್ಟಾಳೆ ಇಟ್ಟುಕೊಂಡು ಫೋಟೋ ತೆಗೆಸಿಕೊಳ್ಳಲು ಒಂದು ಮೂಲೆ, ಅಲ್ಲಿ ಉದ್ದ ಸಾಲು. ಶೆಟ್ಟರಿಗೆ ವೇದಿಕೆಯಲ್ಲಿ ಮಾತು. ಬರೆದು ತಂದದ್ದು ಬಿಟ್ಟು ಅವರು ತಾಯಿಯ ಪಲ್ಯದ ಬಗ್ಗೆ ಹೇಳತೊಡಗಿದರು: ಹಲಸಿನ ಬೀಜ ಜಜ್ಜುತ್ತಿದ್ದದ್ದು, ಒಲೆಯ ಎದುರು ಕುಳಿತು ಕಾಯುತ್ತಿದ್ದದ್ದು, ಶಾಲೆಯ ಬುತ್ತಿಯಲ್ಲಿ ಅದು ಇದ್ದ ದಿನ ತಮಗೆ ಹಬ್ಬವೆಂಬಂತೆ ಇದ್ದದ್ದು. ಕಾಂತಿ ಮುಂದಿನ ಸಾಲಿನಲ್ಲಿ ಕುಳಿತು, ಯಾರದೋ ಗಂಡನ ಭಾಷಣ ಕೇಳುವವಳಂತೆ ಕೇಳಿದಳು.

ಆಗ ಹಿಂದಿನ ಸಾಲಿನಿಂದ ಒಂದು ಮುದಿದನಿ ಎದ್ದಿತು. "ಓಯ್! ತಜಂಕ್ ಲೋಕು!"

ಹಾಜಬ್ಬ. ವಾಮದಪದವಿನಲ್ಲಿ ಈಗ ಮಗನ ದಿನಸಿ ಅಂಗಡಿಯಲ್ಲಿ ಕೂರುತ್ತಿದ್ದವನು, ಹಸೈನಾರನ ತಂಗಿಯ ಮನೆಯವರ ಜೊತೆ ಬಂದಿದ್ದ. ಶೆಟ್ಟರ ಎದೆ ಒಂದು ಕ್ಷಣ ಶಾಲೆಯ ಜಗಲಿಗೆ ಹೋಗಿ ನಿಂತಿತು. ಆದರೆ ಸಭಾಭವನ ಚಪ್ಪಾಳೆಯಲ್ಲಿ ಮುಳುಗಿತು. ಬಿರುದು ಎಂದುಕೊಂಡಿದ್ದರು ಎಲ್ಲರೂ. ಮೋಕ್ಷಿತಾ ಮೈಕು ಹಿಡಿದು, "ಎಷ್ಟು ಚಂದದ ಹೆಸರು!" ಎಂದಳು. ಆ ಕ್ಷಣದಿಂದ ಮೂಡುಬಿದಿರೆಯಲ್ಲಿ ಅವರು ತಜಂಕ್ ಲೋಕಣ್ಣ.

ಊಟಕ್ಕೆ ಕುಳಿತಾಗ ಹಾಜಬ್ಬ ಪಕ್ಕದಲ್ಲೇ ಬಂದು ಕುಳಿತ. ಬಾಳೆಯೆಲೆಯ ತುದಿಯ ತಜಂಕ್ ಪಲ್ಯವನ್ನು ಬೆರಳಲ್ಲಿ ಮುಟ್ಟಿ ನೋಡಿ, "ನಿನ್ನ ಅಮ್ಮನದ್ದು ಇದಕ್ಕಿಂತ ಲಾಯ್ಕಿತ್ತು" ಎಂದ.

"ನಿನಗೆ ಹೇಗೆ ಗೊತ್ತು?"

"ನೀನು ಬುತ್ತಿ ಅರ್ಧಕ್ಕೆ ಬಿಟ್ಟು ಸಿಟ್ಟಿನಲ್ಲಿ ಎದ್ದು ಹೋಗ್ತಿದ್ದೆಯಲ್ಲ. ಉಳಿದದ್ದು ತಿನ್ನುತ್ತಿದ್ದದ್ದು ಯಾರು ಅಂತ ಎಣಿಸಿದೆ? ನಾನು. ನೀನು ಎದ್ದು ಹೋಗಲಿ ಅಂತಲೇ ಹಾಗೆ ಕರೀತಿದ್ದದ್ದು."

ಶೆಟ್ಟರು ತುತ್ತು ಎತ್ತಿದ ಕೈಯನ್ನು ಹಾಗೆಯೇ ಹಿಡಿದು ಅವನನ್ನು ನೋಡಿದರು. ಊರು ಬಿಟ್ಟದ್ದು, ಮುಂಬಯಿ, ಮಸ್ಕತ್ತು, ಕಾಂತಿಗೆ ಹಾಕಿದ ಕಟ್ಟಳೆ, ಇಷ್ಟಕ್ಕೂ ಕಾರಣ ಪಕ್ಕದವನ ಹಸಿವು. ನಗಬೇಕೋ ಬೈಯಬೇಕೋ ತಿಳಿಯದೆ, ತಮ್ಮ ಎಲೆಯ ಪಲ್ಯವನ್ನು ಹಾಜಬ್ಬನ ಎಲೆಗೆ ಬಡಿಸಿದರು. ಹಾಜಬ್ಬ ಬೇಡವೆನ್ನಲಿಲ್ಲ.

ಕಾರ್ಯಕ್ರಮದ ಮರುದಿನದಿಂದ ಪಾರ್ಕಿಗೆ ಜನ ಚೀಲ ಹಿಡಿದು ಬರತೊಡಗಿದರು. ಲಾನಿನ ಮೇಲೆ ಹತ್ತೂ ಕಡೆಯಿಂದ ಹೆಜ್ಜೆಗಳು. ಬ್ಯಾಂಕಿನವರು ಕೆರೆಯ ಬದಿಯ ಯಾವುದೋ ಕೆಸುವನ್ನು ಹುಳಿ ಹಾಕದೆ ಬೇಯಿಸಿ ತಿಂದು, ಗಂಟಲು ತುರಿಸಿ ಎರಡು ದಿನ ಮಾತಾಡದೆ ಉಳಿದರು. ಬಳಗದ ಸಭೆಗಳು ಆ ಎರಡು ದಿನ ಬೇಗ ಮುಗಿದವು. ಹೊರಗಿನವರು ಬಂದು ಸೊಪ್ಪು ಒಯ್ಯುತ್ತಾರೆಂದು ದೂರು ಬಂತು. ಪಾರ್ಕಿನ ತಜಂಕ್ ಸದಸ್ಯರಿಗೆ ಮಾತ್ರ ಎಂದು ಹೊಸ ನಿರ್ಣಯವಾಯಿತು. ಅದನ್ನು ಓದಿ ಹೇಳಿದವರೂ ಶೆಟ್ಟರೇ.

ಎಲ್ಲರಿಗಿಂತ ಹೆಚ್ಚು ಹುರುಪು ಅವರಿಗೇ. ಬೆಳಿಗ್ಗೆ ಕಾಂತಿ ಚೀಲ ತೆಗೆದರೆ ಅವರು ಕೊಡೆ ತೆಗೆಯುತ್ತಿದ್ದರು. ದಾರಿಯುದ್ದಕ್ಕೂ ಯಾವ ಕುಡಿ ಎಳೆಯದು, ಯಾವುದಕ್ಕೆ ಹಲಸಿನ ಬೀಜ ಸೇರುತ್ತದೆ ಎಂದು ಅವಳಿಗೆ ವಿವರಿಸುತ್ತಿದ್ದರು. ಎದುರು ಬಂದವರು "ತಜಂಕ್ ಲೋಕಣ್ಣ" ಎಂದರೆ ನಿಂತು ಅವರಿಗೂ ವಿವರಿಸುತ್ತಿದ್ದರು. ಕಾಂತಿ ಒಂದು ಬದಿಯಲ್ಲಿ ಚೀಲ ಹಿಡಿದು ಕಾಯುತ್ತಿದ್ದಳು.

ಒಂದು ವಾರ ಹೀಗೆ ನಡೆಯಿತು. ಆಮೇಲೆ ಊಟಕ್ಕೆ ತೊಂಡೆಕಾಯಿ ಬಂತು. ಮರುದಿನ ಬೀನ್ಸು.

"ಯಾಕೆ, ತಜಂಕ್ ಮಾಡ್ಲಿಲ್ವಾ?" ಎಂದರು ಶೆಟ್ಟರು.

"ಸಾಕಾಯ್ತು."

"ಸಾಕಾಯ್ತು ಅಂದರೆ? ಇಷ್ಟು ವರ್ಷ ಆಸೆ ಕಟ್ಟಿ ಇಟ್ಟವಳು ನೀನು. ಈಗ ನಾನೇ ಬೇಕು ಅಂತ ಹೇಳುವಾಗ..."

ಕಾಂತಿ ಅನ್ನದ ಪಾತ್ರೆ ಮುಚ್ಚಿ ಕುಳಿತಳು. "ನಿಜ ಹೇಳಬೇಕಾದರೆ ನನಗೆ ಅದರ ರುಚಿ ಅಷ್ಟೇನೂ ಸೇರುವುದಿಲ್ಲ. ಸಣ್ಣದಿರುವಾಗಲೂ ಸೇರುತ್ತಿರಲಿಲ್ಲ."

"ಮತ್ತೆ ಯಾಕೆ ಅಷ್ಟು ಕದ್ದುಮುಚ್ಚಿ ತರ್ತಿದ್ದೆ?"

ಇದನ್ನು ಈವರೆಗೆ ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ.

"ನಿಮ್ಮ ವಾಕಿಂಗ್ ಎಲ್ಲ ಮುಗಿದ ಮೇಲೆ ಅಲ್ಲಿ ಯಾರೂ ಇರ್ತಿರಲಿಲ್ಲ. ಮಳೆ, ಕೆರೆ, ನಾನು. ಯಾರೂ ಏನೂ ಹೇಳುವವರಿಲ್ಲ. ಬಗ್ಗಿ ಬಗ್ಗಿ ಚಿವುಟುವಾಗ ಅಮ್ಮನ ಮನೆಯ ಗುಡ್ಡೆಯಲ್ಲಿ ಇದ್ದ ಹಾಗೆ ಆಗ್ತಿತ್ತು. ನಿಮಗೆ ಗೊತ್ತಿಲ್ಲದ್ದು ಒಂದು ನನ್ನ ಹತ್ರ ಉಂಟು ಅಂತ... ಅದು ಒಂದು ಖುಷಿ." ಅವಳು ಎದ್ದಳು. "ಈಗ ಊರಿಗೇ ಗೊತ್ತುಂಟು."

ಶೆಟ್ಟರು ಮಜ್ಜಿಗೆ ಸುರಿದುಕೊಂಡರು. ಊಟ ಮುಗಿಯುವವರೆಗೆ ಇನ್ನೊಂದು ಮಾತು ಬರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳದೆ ನುಂಗುವುದು ಎಷ್ಟು ಕಷ್ಟವೆಂದು ಆ ಮ‌ಧ್ಯಾಹ್ನ ಅವರಿಗೆ ಮೊದಲ ಬಾರಿ ಗೊತ್ತಾಯಿತು. ಕಾಂತಿ ಆ ಕೆಲಸವನ್ನು ಮದುವೆಯಾದಂದಿನಿಂದ ಮಾಡುತ್ತ ಬಂದಿದ್ದಳು.

ಮರುದಿನ ಬೆಳಿಗ್ಗೆ ಮಳೆ ಜೋರಾಗಿತ್ತು. ಚೀಲ ಹಿಡಿದ ಜನ ಯಾರೂ ಹೊರಟಿರಲಿಲ್ಲ. ಶೆಟ್ಟರು ಎದ್ದು, ಮುಖ ತೊಳೆದು, ಕೊಡೆಯ ಕಡೆ ಒಮ್ಮೆ ನೋಡಿ, ಅಡಿಗೆಮನೆಗೆ ಹೋಗಿ ಚಹಕ್ಕೆ ನೀರಿಟ್ಟರು. ಗಲ್ಫಿನಲ್ಲಿ ಲಕ್ಷಗಟ್ಟಲೆ ಚಹ ಮಾಡಿಸಿದವರಿಗೆ ತಮ್ಮ ಮನೆಯಲ್ಲಿ ಚಹಪುಡಿಯ ಡಬ್ಬ ಎಲ್ಲಿದೆಯೆಂದು ಹುಡುಕಬೇಕಾಯಿತು.

ಕಾಂತಿ ಕೋಣೆಯಿಂದ ಬಂದು ನಿಂತಳು. "ವಾಕಿಂಗ್ ಇಲ್ವಾ?"

"ಇವತ್ತು ಕಾಲು ನೋವು."

ಕಾಲಿಗೆ ಏನೂ ಆಗಿಲ್ಲವೆಂದು ಅವಳಿಗೂ ಗೊತ್ತಿತ್ತು. ಅವಳು ಅವರನ್ನು ನೋಡಿ, "ಆಯ್ತು" ಎಂದಳು. ಬಾಗಿಲ ಹಿಂದಿನಿಂದ ಚೀಲ ತೆಗೆದುಕೊಂಡು ಮೆಟ್ಟಿಲಿಳಿದು ಹೋದಳು.

ಶೆಟ್ಟರು ಚಹದ ಲೋಟ ಹಿಡಿದು ಬಾಲ್ಕನಿಗೆ ಬಂದರು. ಮಳೆಯ ಪರದೆಯ ಆಚೆ ಕೆರೆಯೂ ಪಾರ್ಕೂ ಒಂದೇ ಬೂದುಬಣ್ಣವಾಗಿದ್ದವು. ನಡುವೆ ಒಂದು ಕಪ್ಪು ಕೊಡೆ ಅಂಗುಲಂಗುಲವಾಗಿ ಸರಿಯುತ್ತಿತ್ತು, ನಿಲ್ಲುತ್ತಿತ್ತು, ಬಗ್ಗುತ್ತಿತ್ತು. "ಅಲ್ಲಿ ಜಾರ್ತದೆ, ಈಚೆ ಬಾ" ಎಂದು ಕೂಗಬೇಕೆಂದು ಬಾಯಿ ತೆರೆದವರು, ಚಹದ ಒಂದು ಗುಟುಕು ಕುಡಿದರು. ಸಕ್ಕರೆ ಹಾಕಲು ಮರೆತಿದ್ದರು. ಹೇಗೂ ಹಾಕಬಾರದು ಎಂದಿದ್ದಳು ಡಾಕ್ಟರು. ಒಳಗೆ ಹೋಗಿ ಕುಳಿತು, ಪೇಪರು ಬಿಡಿಸಿಕೊಂಡು, ಕಾಂತಿ ಬರುವವರೆಗೆ ಕಿಟಕಿಯ ಕಡೆ ನೋಡಬಾರದೆಂದು ನಿಶ್ಚಯಿಸಿದರು. ನಡುವೆ ಒಂದೆರಡು ಸಲ ನೋಡಿದರು.